ಗುಂಡಿ ನೀರಿನ ಮೇಲಿನ ಬಣ್ಣ

ಯುಗಾದಿಗೆ ಊರಿಗೆ ಹೋಗಿದ್ದೆ. ಪಾಂಡವಪುರದ ಹತ್ತಿರ ನಮ್ಮೂರು, ಹೊಲದಲ್ಲಿ ನಿಂತರೆ ಕುಂತಿಬೆಟ್ಟ ಕಾಣುತ್ತದೆ. ಬ್ಯಾಗ್ ಇಳಿಸುವ ಮುಂಚೆಯೇ ದೊಡ್ಡಪ್ಪ ಹೊಲಕ್ಕೆ ಕರೆದುಕೊಂಡು ಹೋದರು. ಹಳೇ ಬೋರಿನ ಪಕ್ಕದ ಗುಂಡಿಯಲ್ಲಿ ನೀರು ನಿಂತಿತ್ತು. ಅದರ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ.

"ನೋಡ್ಲಾ, ಎಣ್ಣೆ ಬಂದದೆ. ನೀನು ಎಣ್ಣೆ ಬಾವೀಲಿ ಕೆಲ್ಸ ಮಾಡ್ದೋನು, ನೀನೇ ಹೇಳು."

ಬೋರ್ ಕೊರೆಸಿದ ಸಾಲ ಇನ್ನೂ ತೀರಿಲ್ಲ. ಅವರ ದನಿಯಲ್ಲಿದ್ದ ಆಸೆ ಕೇಳಿ ಕರುಳು ಚುರ್ ಎಂದಿತು.

ಒಂದು ಕಡ್ಡಿಯಿಂದ ಪೊರೆಯನ್ನು ತಟ್ಟಿದೆ. ಚೂರುಚೂರಾಗಿ ಒಡೆಯಿತು, ಚೂರುಗಳು ಹಾಗೇ ಉಳಿದವು. ಎಣ್ಣೆಯಾಗಿದ್ದರೆ ಮತ್ತೆ ಬಂದು ಕೂಡಿಕೊಳ್ಳುತ್ತಿತ್ತು. ಇದು ನೀರಿನ ಕಬ್ಬಿಣದಿಂದ ಬದುಕುವ ಬ್ಯಾಕ್ಟೀರಿಯಾದ ಕೆಲಸ. ಗುಂಡಿಯ ತಳದಲ್ಲಿ ಕೆಂಪು ಗಸಿಯೂ ಇತ್ತು.

"ಅಲ್ಲಿ ಸಿಕ್ಕಿದ್ದು ಇಲ್ಯಾಕೆ ಸಿಗಲ್ಲ? ಅದೇ ಕಾವೇರಿ ತಾನೆ?" ಅಂದರು. ಸರಿಯಾದ ಪ್ರಶ್ನೆ.

ನಾನು ಎರಡು ವರ್ಷ ತಮಿಳುನಾಡಿನ ನಾಗಪಟ್ಟಿಣಂ ಕಡೆ, ಕಾವೇರಿ ಕಡಲು ಸೇರುವ ಸೀಮೆಯಲ್ಲಿ, ಎಣ್ಣೆ ಬಾವಿ ಕೊರೆಯುವ ರಿಗ್ಗಿನಲ್ಲಿ ಮಡ್ ಲಾಗಿಂಗ್ ಮಾಡಿದ್ದೇನೆ. ಬಾವಿಯ ಕೆಸರು ಸೋಸುವ ಜರಡಿ, ಅಂದರೆ ಶೇಕರ್ ಮೇಲೆ ಬಂದ ಕಲ್ಲಿನ ಚೂರು ತೆಗೆದು, ತೊಳೆದು, ಯುವಿ ಲೈಟಿನ ಕೆಳಗೆ ಇಡುವುದು ಕೆಲಸ. ಜೇಡಿಗಲ್ಲು, ಮರಳುಗಲ್ಲು, ಮತ್ತೆ ಜೇಡಿಗಲ್ಲು. ಎಣ್ಣೆ ಇದ್ದ ಮರಳಿನ ಚೂರು ಹಳದಿಯಾಗಿ ಹೊಳೆಯುತ್ತಿತ್ತು. ಮೊದಲ ಸಲ ನೋಡಿದಾಗ ರಾತ್ರಿ ಮೂರು ಗಂಟೆ. ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆ ಎಣ್ಣೆಗೂ ಈಗಿನ ಕಾವೇರಿ ನೀರಿಗೂ ಸಂಬಂಧವಿಲ್ಲ. 10 ಕೋಟಿ ವರ್ಷಕ್ಕೂ ಹಿಂದೆ ಭಾರತ ಪಕ್ಕದ ಖಂಡಗಳಿಂದ ಬೇರೆಯಾಗುವಾಗ ಪೂರ್ವದ ಆ ಅಂಚು ಬಿರಿದು ಕುಸಿಯಿತು. ತಗ್ಗಿಗೆ ನೀರು ನುಗ್ಗಿತು, ಕೆಸರು ತುಂಬಿತು. ಸತ್ತ ಸಣ್ಣ ಜೀವಿಗಳು ಕೆಸರಿನಲ್ಲೇ ಹೂತವು. ಮೇಲೆ ಕಿಲೋಮೀಟರ್‌ಗಟ್ಟಲೆ ಮಣ್ಣು ಬಿದ್ದು ಕೆಳಗಿನದು ಬಿಸಿಯಾಯಿತು. ಸುಮಾರು 60ರಿಂದ 150 ಡಿಗ್ರಿ ಹದದಲ್ಲಿ ಎಣ್ಣೆ ಆಗುತ್ತದೆ, ಜಾಸ್ತಿ ಕಾದರೆ ಗ್ಯಾಸ್. ಅದು ಸರಿದು ಬಂದು ನಿಲ್ಲಲು ಮರಳುಗಲ್ಲಿನಂಥ ಸಂದಿ ಇರುವ ಕಲ್ಲು ಬೇಕು. ಮೇಲೆ ಜೇಡಿಗಲ್ಲಿನ ಮುಚ್ಚಳ ಬೇಕು. ಒಂದು ತಪ್ಪಿದರೂ ಬಾವಿ ಬರಿದು.

ನಮ್ಮ ಬೋರಿನ ಪುಡಿ ಇನ್ನೂ ಬದುವಿನ ಮೇಲೆ ಗುಡ್ಡೆ ಬಿದ್ದಿದೆ. ಒಂದು ಹಿಡಿ ತೆಗೆದು ದೊಡ್ಡಪ್ಪನ ಕೈಗೆ ಹಾಕಿದೆ. ಬೂದಿ ಬಣ್ಣ, ನಡುವೆ ಕಾಗೆಬಂಗಾರದ ಮಿನುಗು. ಇದು ನೈಸ್ (gneiss) ಕಲ್ಲು, ಅಂದರೆ ನೆಲದಾಳದ ಶಾಖ, ಒತ್ತಡಕ್ಕೆ ರೂಪ ಬದಲಾದ ಕಲ್ಲು, ಸುಮಾರು 300 ಕೋಟಿ ವರ್ಷ ಹಳೆಯದು. ಚಾಮುಂಡಿ ಬೆಟ್ಟದ ಗ್ರಾನೈಟೇ ಇದರ ಮುಂದೆ ಎಳೆಗೂಸು, ಸುಮಾರು 80 ಕೋಟಿ ವರ್ಷದ್ದು. ನೈಸ್ ಆಗುವಾಗ ಕಲ್ಲು ನೂರಾರು ಡಿಗ್ರಿಯಲ್ಲಿ ಬೆಂದಿದೆ. ಜೀವಿಗಳ ಅಂಶ ಏನಾದರೂ ಇದ್ದಿದ್ದರೆ ಗ್ರಾಫೈಟ್ ಆಗಿಹೋಗುತ್ತಿತ್ತು.

ಗ್ರಾನೈಟಿನಲ್ಲಿ ಎಣ್ಣೆ ಸಿಕ್ಕ ಜಾಗವೂ ಉಂಟು. ವಿಯೆಟ್ನಾಮಿನ ಬಾಕ್ ಹೋ ಎಂಬಲ್ಲಿ ಕಡಲ ತಳದ ಗ್ರಾನೈಟ್ ಬಿರುಕುಗಳಿಂದಲೇ ತೆಗೆಯುತ್ತಾರೆ. ಆದರೆ ಅದು ಪಕ್ಕದ ಜೇಡಿಗಲ್ಲಿನಲ್ಲಿ ಹುಟ್ಟಿ ಬಿರುಕಿಗೆ ಸರಿದದ್ದು. ನಮ್ಮ ಅಕ್ಕಪಕ್ಕ ಅಂಥ ಕಲ್ಲಿಲ್ಲ. ನಮ್ಮ ಬಿರುಕುಗಳಲ್ಲಿ ಇರುವುದು ನೀರು. ಅದೂ ಮಳೆ ಇಂಗಿದಷ್ಟೇ.

ದೊಡ್ಡಪ್ಪ ಪುಡಿ ಕೆಳಗೆ ಸುರಿದು ಕೈ ಒರೆಸಿಕೊಂಡರು. "ಹಂಗಾರೆ ಈ ನೀರಾದ್ರೂ ಎಷ್ಟು ದಿನ ಬರ್ತದೆ?"

ಅಳೆದು ನೋಡೋಣ ಅಂದೆ. ಮನೆಯಿಂದ ಬಿಂದಿಗೆ ತಂದರು. ಮೋಟಾರ್ ಹಾಕಿ, ಮೊಬೈಲಿನಲ್ಲಿ ಟೈಮ್ ಇಟ್ಟು, ಬಿಂದಿಗೆ ತುಂಬುವುದನ್ನು ನೋಡುತ್ತಾ ಇಬ್ಬರೂ ಬದುವಿನ ಮೇಲೆ ಕೂತೆವು.