ಬಾದಾಮಿ, ಪಟ್ಟದಕಲ್ಲು, ಐಹೊಳೆ: ಬಿಸಿಲು ನೋಡಿ ಹೊರಡಿ, ಬನಶಂಕರಿಯಲ್ಲಿ ರೊಟ್ಟಿ ಉಣ್ಣಿ

ಮೂರೂ ಊರನ್ನು ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ. ಮಧ್ಯಾಹ್ನದ ಹೊತ್ತಿಗೆ ಮರಳುಗಲ್ಲು ಕಾದು ಕಾಲಿಡಲು ಆಗುವುದಿಲ್ಲ, ಕಣ್ಣೂ ದಣಿದಿರುತ್ತದೆ. ಬಾದಾಮಿಯಲ್ಲಿ ಉಳಿದು ಎರಡು ದಿನ ಇಟ್ಟುಕೊಳ್ಳಿ.

ಮೊದಲ ದಿನ ನಸುಕಿನಲ್ಲೇ ಹೊರಟರೆ 22 ಕಿ.ಮೀ. ದೂರದ ಪಟ್ಟದಕಲ್ಲಿನಲ್ಲಿ ಎಳೆಬಿಸಿಲು ಸಿಗುತ್ತದೆ. ಪೂರ್ವಾಭಿಮುಖವಾದ ವಿರೂಪಾಕ್ಷ ಗುಡಿಗೆ ಅದೇ ಒಳ್ಳೆಯ ಹೊತ್ತು. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಈ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಚಪ್ಪಲಿ ಬಿಡಬೇಕು, ಕಾಲುಚೀಲ ಇರಲಿ. ಒಳಗಿನ ಕಂಬಗಳಲ್ಲಿ ರಾಮಾಯಣ, ಮಹಾಭಾರತದ ಕಥೆಗಳಿವೆ, ಆದರೆ ಕತ್ತಲು. ಟಾರ್ಚನ್ನು ಎದುರಿನಿಂದ ಬಿಟ್ಟರೆ ಕೆತ್ತನೆ ಚಪ್ಪಟೆಯಾಗುತ್ತದೆ. ಕಂಬದ ಪಕ್ಕದಿಂದ ಓರೆಯಾಗಿ ಹಿಡಿಯಿರಿ, ನೆರಳು ಬಿದ್ದು ಬೆರಳು, ಒಡವೆಗಳೂ ಎದ್ದು ಕಾಣುತ್ತವೆ.

ಬಿಸಿಲೇರಿದ ಮೇಲೆ ಐಹೊಳೆ. ದುರ್ಗದ ಗುಡಿಯ ಸುತ್ತಲಿನ ಕಂಬಸಾಲಿನಲ್ಲಿ ನೆರಳಿದೆ, ಅಲ್ಲಿ ನಿಧಾನವಾಗಿ ಸುತ್ತಿ. ಹೆಸರು ದುರ್ಗಿಯದಲ್ಲ, ಕೋಟೆಯದು. ಕ್ರಿ.ಶ. 634ರ, ಕವಿ ರವಿಕೀರ್ತಿಯ ಶಾಸನವಿರುವ ಮೇಗುಟಿ ಗುಡ್ಡವನ್ನು ಬಿಸಿಲು ಇಳಿದ ಮೇಲೆ ಹತ್ತಿ.

ಎರಡನೇ ದಿನ ಬಾದಾಮಿಯ ಗುಹೆಗಳು. ಕ್ರಿ.ಶ. 578ರ, ಚಾಲುಕ್ಯ ಮಂಗಳೇಶನ ಶಾಸನವಿರುವ ಮೂರನೆಯದಕ್ಕೆ ಹೆಚ್ಚು ಸಮಯ ಕೊಡಿ. ತಿಂಡಿಯ ಚೀಲ ಕೈಯಲ್ಲಿದ್ದರೆ ಮಂಗಗಳು ಬಿಡುವುದಿಲ್ಲ. ಕೋಣೆಯಲ್ಲೇ ಇಟ್ಟು ಬನ್ನಿ.

ಹಸಿವಾಗುವ ಹೊತ್ತಿಗೆ 5 ಕಿ.ಮೀ. ದೂರದ ಬನಶಂಕರಿಗೆ ಹೋಗಿ. ಗುಡಿಯ ಬಳಿ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರ ಹತ್ತಿರ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ, ಪುಟ್ಟ ಕುಡಿಕೆಯಲ್ಲಿ ಗಟ್ಟಿ ಮೊಸರು ಇರುತ್ತವೆ. ಖಾರವನ್ನು ಮೊದಲು ಉಗುರಿನಷ್ಟೇ ಹಚ್ಚಿಕೊಳ್ಳಿ, ಮೊಸರು ಕೊನೆಯವರೆಗೂ ಉಳಿದಿರಲಿ.

ಈ ರೊಟ್ಟಿಯನ್ನು ಮನೆಯಲ್ಲಿ ಮಾಡುವುದಾದರೆ ಒಂದು ಲೋಟ ಜೋಳದ ಹಿಟ್ಟಿಗೆ ಹೆಚ್ಚುಕಡಿಮೆ ಒಂದು ಲೋಟ ಕುದಿಯುವ ನೀರು. ಜೋಳದಲ್ಲಿ ಗೋಧಿಯ ಜಿಗಿ ಇಲ್ಲ. ಹಿಟ್ಟನ್ನು ಕೂಡಿಸುವುದೇ ಆ ಬಿಸಿ. ಚೆನ್ನಾಗಿ ನಾದಿ, ಒಣಹಿಟ್ಟಿನ ಮೇಲೆ ಬಡಿದು ಕಾದ ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ನೀರು ಆರುತ್ತಿದ್ದಂತೆ ತಿರುವಿ ಹಾಕಿ. ಅಂಚು ಬಿರಿದರೆ ಹಿಟ್ಟು ಹಳೆಯದು, ಇಲ್ಲವೇ ನಾದಿದ್ದು ಸಾಲದು.

ಸಂಜೆ ಬಾದಾಮಿಯ ಕೆರೆ ಅಗಸ್ತ್ಯ ತೀರ್ಥದ ದಂಡೆಗೆ ಮರಳಿ. ಪಡುವಣ ಬಿಸಿಲು ಭೂತನಾಥ ಗುಡಿಯ ಮೇಲೆ ನೇರ ಬೀಳುತ್ತದೆ. ಪಕ್ಕದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.