ನಮ್ಮ ಹಜರತರು, ನಮ್ಮ ತಯಮ್ಮುಮ್

ಉರ್ದು ಕಲಿಸುತ್ತಿದ್ದ ಹಜರತರು ಕಳೆದ ರಂಜಾನಿನಲ್ಲಿ ತೀರಿಕೊಂಡರೆಂಬ ಸುದ್ದಿ ಬಂದಾಗ ಹಳೆಯ ಗೆಳೆಯರು ಅವರ ಉರ್ದು ಪಾಠವನ್ನು ನೆನೆದರೆಂದು ಭಾವಿಸಬೇಡಿ. ಗಜಲು, ವ್ಯಾಕರಣ ಯಾರಿಗೂ ನೆನಪಿಲ್ಲ. ಉಳಿದದ್ದು ರಾಯಚೂರಿನ ಗಂಜಿನ (ಸಗಟು ಮಾರುಕಟ್ಟೆಯ) ಬಳಿಯ ಮಸೀದಿಯಲ್ಲಿ ಸಂಜೆಯ ಮಗ್ರಿಬ್ ನಮಾಜಿನ ನಂತರ ಅವರು ಹೇಳುತ್ತಿದ್ದ ಮಸಾಯಿಲ್, ಅಂದರೆ ದಿನನಿತ್ಯದ ಧರ್ಮನಿಯಮಗಳು.

ಕೇಳಲು ಬರುತ್ತಿದ್ದವರು ಹಮಾಲರು, ಬಂಡಿಯವರು, ಹತ್ತಿ ವ್ಯಾಪಾರಿಗಳು. ಹಿಂದಿನ ಸಾಲಿನಲ್ಲಿ ನಾವು ಹುಡುಗರು. ಭಾಷಣವಿರಲಿಲ್ಲ. ನಮಾಜಿನಲ್ಲಿ ರಕಾತ್ (ಆವೃತ್ತಿ) ಎಷ್ಟಾಯಿತೆಂದು ಅನುಮಾನ ಬಂದರೆ ಏನು ಮಾಡಬೇಕು, ಕೊಟ್ಟ ಸಾಲಕ್ಕೂ ಜಕಾತ್ (ಕಡ್ಡಾಯ ದಾನ) ಉಂಟೇ, ಇಂಥವೇ. ಒಮ್ಮೆ ಹತ್ತಿಯ ಹಂಗಾಮಿನಲ್ಲಿ, ತೂಕ ಬರಲೆಂದು ಅಂಡಿಗೆಗೆ ನೀರು ಚಿಮುಕಿಸುವ ಮಾತು ಬಂತು. ಹಜರತರು ಯಾರ ಮುಖವನ್ನೂ ನೋಡದೆ ಇಮಾಮ್ ಅಬೂ ಹನೀಫಾರ ಕಥೆ ಹೇಳಿದರು. ಹಿಜರಿ 150ರಲ್ಲಿ ತೀರಿಕೊಂಡ ಆ ಮಹಾಪಂಡಿತರು ಕೂಫಾದಲ್ಲಿ ಬಟ್ಟೆ ವ್ಯಾಪಾರಿಯೂ ಆಗಿದ್ದರು. ಪಾಲುದಾರ ದೋಷ ತಿಳಿಸದೆ ಬಟ್ಟೆ ಮಾರಿದನೆಂದು ಆ ಹಣವನ್ನೆಲ್ಲ ದಾನ ಮಾಡಿಬಿಟ್ಟರಂತೆ. ಮರುದಿನ ಮುಂದಿನ ಸಾಲಿನಲ್ಲಿ ಕೆಲವರು ಕಾಣಲಿಲ್ಲ.

ಇನ್ನು ನಮ್ಮ ಪ್ರತಾಪ. ನಮಾಜಿಗೆ ಮುನ್ನ ಮುಖ, ಕೈ, ಕಾಲು ತೊಳೆಯುವ ವುಜೂಗೆ ನೀರು ಸಿಗದಿದ್ದರೆ, ಶುದ್ಧ ಮಣ್ಣಿಗೆ ಕೈ ತಟ್ಟಿ ಮುಖ, ಕೈ ಸವರಿಕೊಳ್ಳುವ ತಯಮ್ಮುಮ್ ಮಾಡಬಹುದು ಎಂಬುದನ್ನು ಆಗಷ್ಟೇ ಕಲಿತಿದ್ದೆವು. ಏಪ್ರಿಲ್ ತಿಂಗಳು, ಇಳಿಹೊತ್ತಿನ ಅಸರ್ ನಮಾಜಿನ ಸಮಯ, ವುಜೂಗೆ ಉದ್ದನೆಯ ಸರದಿ, ಅತ್ತ ಕ್ರಿಕೆಟ್ ಕಾಯುತ್ತಿತ್ತು. ನಮ್ಮಲ್ಲೊಬ್ಬ (ಈಗ ನೀರಾವರಿ ಇಂಜಿನಿಯರ್, ನಂಬಿ!) ಹಿಂದುಗಡೆ ಹೋಗಿ ನಲ್ಲಿಯ ವಾಲ್ವ್ ಮುಚ್ಚಿದ. ನಾವು ಗಂಭೀರವಾಗಿ ನೆಲಕ್ಕೆ ಕೈ ತಟ್ಟತೊಡಗಿದೆವು.

“ನೀರು ಹುಡುಕಿದಿರಾ?” ಎಂದರು ಹಜರತರು.

“ಕೃಷ್ಣಾ ನದಿ ಒಂದು ಮೈಲಿಗಿಂತ ದೂರವಿದೆ, ಹಜರತ್.”

ಹನಫಿ ಫಿಕ್ಹ್‌ನಲ್ಲಿ (ಇಮಾಮ್ ಅಬೂ ಹನೀಫಾರ ಪಂಥದ ಧರ್ಮಶಾಸ್ತ್ರದಲ್ಲಿ) ನೀರು ಒಂದು ಮೈಲಿ ದೂರವಿದ್ದರೆ ತಯಮ್ಮುಮ್‌ಗೆ ಅವಕಾಶವಿದೆ. ಪಾಠವಂತೂ ಚೆನ್ನಾಗಿಯೇ ಹತ್ತಿತ್ತು!

“ವಾಲ್ವ್ ಎಷ್ಟು ದೂರ?”

ಬೈಯಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಲೋಟಾ ನೀರು ಕೊಟ್ಟು ಅಷ್ಟರಲ್ಲೇ ವುಜೂ ಮುಗಿಸಿ ಎಂದರು. ಮುಖ, ಮೊಣಕೈವರೆಗೆ ಕೈ, ತಲೆಯ ಕಾಲು ಭಾಗಕ್ಕೆ ಒದ್ದೆ ಕೈ, ಹರಡಿನವರೆಗೆ ಪಾದ: ಫರ್ಜ್, ಅಂದರೆ ಕಡ್ಡಾಯ, ನಾಲ್ಕೇ ಎಂಬುದನ್ನು ಅಂದಿನಿಂದ ನಮ್ಮಲ್ಲಿ ಯಾರೂ ಮರೆತಿಲ್ಲ.

ವಿಮೆ, ಬ್ಯಾಂಕು ಎಂದು ತೊಡಕಿನ ಪ್ರಶ್ನೆ ಬಂದರೆ “ನನಗೆ ಗೊತ್ತಿಲ್ಲ, ಮುಫ್ತಿಗಳಿಗೆ ಬರೆದು ಕೇಳೋಣ” ಎಂದು, ತೀರ್ಪು ಹೇಳುವ ಪಂಡಿತರತ್ತ ಬೊಟ್ಟು ಮಾಡುತ್ತಿದ್ದರು. ಮದೀನಾದ ಇಮಾಮ್ ಮಾಲಿಕರೇ 48 ಪ್ರಶ್ನೆಗಳಲ್ಲಿ 32ಕ್ಕೆ ಹಾಗೆಂದಿದ್ದರಂತೆ. ಅಂಚೆಯಲ್ಲಿ ಉತ್ತರ ಬರುವವರೆಗೆ ಕಾಯುತ್ತಿದ್ದೆವು. ಈಗಿನ ಹುಡುಗರಿಗೆ ಹಲಾಲು ಹರಾಮಿನ ತೀರ್ಪನ್ನು ಮೊಬೈಲೇ ಕೊಡುತ್ತದೆ. ಹೇಳಿದವರು ಯಾರು, ಯಾವ ಕಿತಾಬಿನಲ್ಲಿದೆ ಎಂದು ಕೇಳುವುದಿಲ್ಲ. ಕೇಳುವುದನ್ನು ಶಾಲೆಗಳಾದರೂ ಕಲಿಸುತ್ತವೆಯೇ? ಅಂಕ ಬಂದರಾಯಿತು.

ನಾನೀಗ ತೆರಿಗೆ ಸಲಹೆಗಾರ. ರಂಜಾನ್ ಬಂತೆಂದರೆ ಅಂಗಡಿಯವರು ಜಕಾತಿನ ಲೆಕ್ಕಕ್ಕೂ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಬೆಳ್ಳಿಯ ನಿಸಾಬ್ (ಜಕಾತ್ ಕಡ್ಡಾಯವಾಗುವ ಕನಿಷ್ಠ ಮಿತಿ) 52.5 ತೊಲ, ಅಂದರೆ 612.36 ಗ್ರಾಂ, ದಾಸ್ತಾನಿನ ಬೆಲೆ ಸೇರಿಸಿ, ಕಪಾಟು ತಕ್ಕಡಿ ಬಿಡಿ, ಶೇಕಡಾ 2.5 ತೆಗೆಯಿರಿ ಎಂದು ಪುಸ್ತಕ ನೋಡದೆ ಹೇಳುತ್ತೇನೆ. ಗಂಜಿನಲ್ಲಿ ಇದಕ್ಕಾಗಿ ನನಗೊಂದು ಹೆಸರೇ ಇದೆ. ಮೊನ್ನೆ ಒಬ್ಬ ತರುಣ ಷೇರುಗಳ ಜಕಾತ್ ಕೇಳಿದ. ಗೊತ್ತಿಲ್ಲ, ಮುಫ್ತಿಗಳನ್ನು ಕೇಳಪ್ಪ ಎಂದೆ. “ಇಷ್ಟು ಫೀಸು ತೆಗೆದುಕೊಂಡು ಗೊತ್ತಿಲ್ಲ ಅನ್ನುತ್ತೀರಲ್ಲ ಸಾಹೇಬರೇ” ಎಂದ. ಫೀಸು ಆದಾಯ ತೆರಿಗೆಯದು ಎಂದು ರಸೀದಿ ತೋರಿಸಬೇಕಾಯಿತು.