ಕನ್ನಡಕ ಹಾಕಿದರೆ ಕಣ್ಣು ಕಾಣುತ್ತದೆ, ಮಷಿನ್ ಹಾಕಿದರೂ ಕಿವಿ ಏಕೆ ಕೇಳುವುದಿಲ್ಲ?

ಮದುವೆ ಮನೆಯಲ್ಲಾಗಲಿ, ಬ್ಯಾಂಕಿನ ಸಾಲಿನಲ್ಲಾಗಲಿ, ನನ್ನ ಎರಡೂ ಕಿವಿಗಳ ಹಿಂದಿರುವ ಮಷಿನ್ ಕಂಡವರು ಕೇಳುವ ಪ್ರಶ್ನೆ ಒಂದೇ: "ಅಲ್ರೀ, ಕನ್ನಡಕ ಹಾಕಿದ್ರೆ ಕಣ್ಣು ಕಾಣ್ತಾವು, ಮಷಿನ್ ಹಾಕಿದ್ರೂ ನಿಮಗ್ಯಾಕೆ ಕೇಳ್ಸಲ್ಲ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ನಿಂತಲ್ಲೇ ಉತ್ತರಿಸಲು ಹೋದರೆ ಕೇಳಿದವರ ಮರುಪ್ರಶ್ನೆ ನನಗೆ ಕೇಳಿಸುವುದಿಲ್ಲವಾದ್ದರಿಂದ ಇಲ್ಲಿ ಬರೆದೇ ಹೇಳುತ್ತಿದ್ದೇನೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ನಾನು ಇಲ್ಲಿನ ಒಂದು ಹತ್ತಿ ಗಿರಣಿಯ ನೇಯ್ಗೆ ವಿಭಾಗದಲ್ಲಿ 19 ವರ್ಷ ದುಡಿದವನು. 85 ಡೆಸಿಬಲ್ ಮೀರಿದ ಸದ್ದಿನಲ್ಲಿ ದಿನಕ್ಕೆ 8 ಗಂಟೆಯಂತೆ ವರ್ಷಗಟ್ಟಲೆ ಕಳೆದರೆ ಕಿವಿ ಕೆಡುತ್ತದೆ ಎನ್ನುತ್ತಾರೆ. ಲಾಳಿ ಹೊಡೆಯುವ ಮಗ್ಗಗಳ ನಡುವಿನ ಸದ್ದು ಅದನ್ನು ಸುಲಭವಾಗಿ ಮೀರುತ್ತಿತ್ತು. ನಾವು ಕಿವಿಗೆ ಹತ್ತಿಯ ಉಂಡೆ ತುರುಕಿಕೊಂಡು ನಿಶ್ಚಿಂತರಾಗಿದ್ದೆವು. ಬರಿಯ ಹತ್ತಿ ಸದ್ದನ್ನು ಹೆಚ್ಚೇನೂ ತಡೆಯುವುದಿಲ್ಲವೆಂಬುದು, ಹತ್ತಿಯಲ್ಲೇ ಬದುಕಿದ ನಮಗೆ, ಬಹಳ ತಡವಾಗಿ ತಿಳಿಯಿತು.

ಕನ್ನಡಕದ ಮಾತಿಗೆ ಬರೋಣ. ಬಹುಪಾಲು ಕನ್ನಡಕಗಳು ಸರಿಪಡಿಸುವುದು ಬೆಳಕು ಒಂದೆಡೆ ಕೂಡುವ ರೀತಿಯನ್ನು. ಅದನ್ನು ಗ್ರಹಿಸುವ ಕಣ್ಣಿನ ಪರದೆ ಆ ಕಣ್ಣುಗಳಲ್ಲಿ ಗಟ್ಟಿಯಾಗಿಯೇ ಇರುತ್ತದೆ. ನನ್ನಲ್ಲಿ ಹಾಳಾಗಿರುವುದು ಗ್ರಹಿಸುವ ಜಾಗವೇ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿರುವ ಭಾಗದಲ್ಲಿ ಸದ್ದನ್ನು ಹಿಡಿಯುವ ಸುಮಾರು 15 ಸಾವಿರ ರೋಮಕೋಶಗಳಿರುತ್ತವೆ. ಸದ್ದಿನ ಹೊಡೆತಕ್ಕೆ ಒಮ್ಮೆ ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಸಾಯುವವು ಏರುದನಿಯ, ಅಂದರೆ ಜೋರಾದ ಸದ್ದನ್ನಲ್ಲ, 4000 ಹರ್ಟ್ಸ್ ಆಸುಪಾಸಿನ ಕೀರಲು ಸದ್ದನ್ನು ಹಿಡಿಯುವವು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದಾಗ ನನ್ನ ಕಿವಿಯ ನಕ್ಷೆಯ ಗೆರೆ ತಗ್ಗುದನಿಗಳಿರುವ ಎಡಗಡೆ ಹೆಚ್ಚು ಕಡಿಮೆ ಮಟ್ಟಸವಾಗಿದ್ದು, ಏರುದನಿಗಳಿರುವ ಬಲಕ್ಕೆ ಹೋದಂತೆ ಬಾವಿಗೆ ಇಳಿದಂತೆ ಇಳಿದಿತ್ತು.

ಇದರ ಅರ್ಥ ಗೊತ್ತಾದದ್ದು ಅಡುಗೆಮನೆಯಲ್ಲಿ. ಸ್ವರಗಳು ತಗ್ಗುದನಿಯವು, ಬಲವಾದವು. ಅವು ನನಗೆ ಕೇಳುತ್ತವೆ. ಸ, ಶ, ತ, ಕ, ಹ ಮೊದಲಾದ ವ್ಯಂಜನಗಳು ತೆಳುವಾದವು; ಅವು ಜಾರಿಹೋಗುತ್ತವೆ. ಹಾಲು, ಕಾಲು, ಸಾಲು, ಮೂರೂ ನನ್ನ ಪಾಲಿಗೆ ಬರಿಯ "ಆಲು". ಒಂದು ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದ ಸೊಸೆ "ಮಾವಾರೆ, ಹಾಲು ಉಕ್ತೈತಿ ನೋಡ್ರಿ" ಎಂದು ಕೂಗಿದಳು. ನಾನು "ಕಾಲು ಉಳುಕೈತಿ ನೋಡ್ರಿ" ಎಂದು ಕೇಳಿಸಿಕೊಂಡು, ನೋವಿನ ಮುಲಾಮು ಹುಡುಕಲು ಕಪಾಟಿಗೆ ಹೋದೆ. ಮುಲಾಮು ಹಿಡಿದು ಹಿತ್ತಲಿಗೆ ಓಡಿದಾಗ ಅವಳು ನೆಟ್ಟಗೆ ನಿಂತಿದ್ದಳು. ಒಲೆಯ ಮೇಲಿನ ಒಂದು ಲೀಟರ್ ಹಾಲು ಕಟ್ಟೆಯ ಮೇಲಿತ್ತು. ಆಗಲೂ ಎರಡೂ ಕಿವಿಯಲ್ಲಿ ಮಷಿನ್ ಇತ್ತು. ಮಷಿನ್ ಸದ್ದನ್ನು ದೊಡ್ಡದು ಮಾಡಬಲ್ಲುದು. ಹಿಡಿಯುವ ಕೋಶವೇ ಇಲ್ಲದ ಕಡೆ ಅದನ್ನು ಸ್ಪಷ್ಟ ಮಾಡಲಾರದು.

ಕೂಗಿ ಹೇಳಿದರೆ ಆಗದೇ ಎಂದು ಕೇಳುತ್ತೀರಿ. ಆಗದು. ಇಂಥ ಕಿವಿಗೆ ಸಣ್ಣ ಸದ್ದು ಕೇಳುವುದಿಲ್ಲ, ದೊಡ್ಡ ಸದ್ದು ಸಹಿಸುವುದಿಲ್ಲ. ಇವೆರಡರ ನಡುವಿನ ಜಾಗ ಬಹಳ ಇಕ್ಕಟ್ಟು. ಕೂಗಿದರೆ ಸ್ವರವಷ್ಟೇ ಉಬ್ಬಿ ವ್ಯಂಜನ ಮತ್ತಷ್ಟು ಮುಳುಗುತ್ತದೆ, ಜೊತೆಗೆ ಮುಖವೂ ಸಿಟ್ಟಿನ ಮುಖವಾಗುತ್ತದೆ. ಅದರ ಬದಲು ಹತ್ತಿರ ಬಂದು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಂತು, ಸಹಜವಾಗಿ ಮಾತಾಡಿ. ಬೆಣ್ಣೆ ದೋಸೆ ಹೋಟೆಲಿಗೆ ಹೋದರೆ ನಾನು ಹಂಚಿನಿಂದ ದೂರ, ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ. ಮಾತು ಅರ್ಧ ತಿಳಿದರೆ "ಆಂ?" ಎನ್ನದೆ "ಮದುವೆ ಯಾವ ಊರಲ್ಲಿ ಎಂದಿರಿ?" ಎಂದು ತಪ್ಪಿಹೋದ ತುಂಡನ್ನಷ್ಟೇ ಕೇಳುತ್ತೇನೆ. ತಿಳಿಯದಿದ್ದರೂ ತಲೆಯಾಡಿಸುವ ಚಾಳಿಯನ್ನು ಬಿಡಲು ಮಾತ್ರ ನನಗೆ ಐದಾರು ವರ್ಷ ಬೇಕಾಯಿತು, ಅಷ್ಟರಲ್ಲಿ ಏನೇನಕ್ಕೆ ಒಪ್ಪಿಗೆ ಕೊಟ್ಟಿದ್ದೆನೋ.

ಕಿವಿಯನ್ನು ಕಿತ್ತುಕೊಂಡ ಗಿರಣಿಯೇ ತುಟಿ ಓದುವುದನ್ನೂ ಕಲಿಸಿತ್ತು ಎಂಬುದು ನನಗೆ ಹೊಳೆದದ್ದು ನಿವೃತ್ತಿಯ ನಂತರ. ಆ ಸದ್ದಿನಲ್ಲಿ ದನಿಯಿಂದ ಪ್ರಯೋಜನವಿಲ್ಲದೆ ನಾವೆಲ್ಲ ತುಟಿ, ಹುಬ್ಬು, ಕೈಸನ್ನೆಗಳಲ್ಲೇ ಮಾತಾಡುತ್ತಿದ್ದೆವು. ತುಟಿಯನ್ನೂ ಪೂರ್ತಿ ನಂಬುವಂತಿಲ್ಲ. ಬರ, ಮರ, ಪರ ಮೂರಕ್ಕೂ ತುಟಿ ಮುಚ್ಚಿ ತೆರೆಯುವುದು ಒಂದೇ ರೀತಿ. ಉಳಿದದ್ದನ್ನು ಸಂದರ್ಭ ನೋಡಿ ತುಂಬಿಕೊಳ್ಳಬೇಕು, ಹಾಗೆ ತುಂಬಿಕೊಂಡೂ ತುಂಬಿಕೊಂಡೂ ಸಂಜೆಯ ಹೊತ್ತಿಗೆ ತಲೆ ಸೋತುಹೋಗುತ್ತದೆ. ಮನೆಗೆ ಬಂದು ಮಷಿನ್ ಬಿಚ್ಚಿಟ್ಟು ಸುಮ್ಮನೆ ಕೂರುವುದನ್ನು ಕೆಲವರು ಸಿಡುಕು ಎಂದುಕೊಂಡಿದ್ದಾರೆ, ಅದು ದಣಿವು.

ಹೋದ ತಿಂಗಳು ಪಿ.ಬಿ. ರಸ್ತೆಯ ಆಚೆ ಬದಿಯಲ್ಲಿ ನನ್ನ ಹಳೆಯ ಪಾಳಿಯ ಗೆಳೆಯರೊಬ್ಬರು ಕಂಡರು. ಅವರ ಕಿವಿ ನನ್ನದಕ್ಕಿಂತ ಮಂದ. ನಡುವೆ ಬಸ್ಸು, ಲಾರಿ, ಆಟೋಗಳ ಗದ್ದಲ. ಅವರು ದನಿಯೆತ್ತದೆ, ಅಲ್ಲಿಂದಲೇ ತುಟಿಯಾಡಿಸಿ ಮಂಡಕ್ಕಿ ತಿನ್ನೋಣವೇ ಎಂದು ಕೇಳಿದರು. ಮಿರ್ಚಿಯೂ ಬೇಕೆಂದು ನಾನು ಇಲ್ಲಿಂದಲೇ ಹೇಳಿದೆ. ನನ್ನ ಪಕ್ಕದಲ್ಲಿದ್ದ ಮಗ, ಎರಡೂ ಕಿವಿ ಚುರುಕಾಗಿರುವವನು, "ಏನಂತೆ?" ಎಂದು ನನ್ನನ್ನು ಕೇಳಿದ.